ಓ ನೆಗೆಟಿವ್ ಬೇಕಾಗಿದೆ

ರಕ್ತನಿಧಿಯಲ್ಲಿ ಅವಳನ್ನು ಎಲ್ಲರೂ ರಿಜಿಸ್ಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ದಾನಿಗಳ ಹೆಸರು, ಗುಂಪು, ಫೋನ್ ನಂಬರು ಎಲ್ಲವೂ ಅವಳ ಕೈಬರಹದಲ್ಲೇ ಇದ್ದವು. ಆ ಬೆಳಿಗ್ಗೆ ಮುಖ್ಯ ವೈದ್ಯರು ಅವಳ ಮೇಜಿನ ಮುಂದೆ ನಿಂತು, "ರಕ್ತ ಬೇಕು ಅಂತ ಎಲ್ಲರಿಗೂ ಸಂದೇಶ ಹಾಕೋ ಆ ಹೊಸ ಆ್ಯಪಿನ ವಿಷ್ಯ ಸಂಜೆ ನಾಲ್ಕು ಗಂಟೆಯೊಳಗೆ ಬರೆದುಕೊಡಿ. ಉಪಯೋಗಕ್ಕೆ ಬರುತ್ತಾ, ಇಲ್ಲ ನಾಲ್ಕು ದಿನದ ಹುಚ್ಚಾ? ನೀವು ಹೇಳಿದ ಹಾಗೇ ಮಾಡೋಣ" ಎಂದು ಹೋದರು.

ಆ ಕೊನೆಯ ಮಾತೇ ಅವಳ ಎದೆಯಲ್ಲಿ ಕುಳಿತಿತು. ನಾಲ್ಕು ವರ್ಷದ ಹಿಂದೆಯೂ ಅವಳು ಹೇಳಿದ ಹಾಗೇ ಮಾಡಿದ್ದರು. ಆಗ ಬಂದಿದ್ದ ಇನ್ನೊಂದು ಜಾಲತಾಣವನ್ನು "ಬೇಕೇ ಬೇಕು" ಎಂದಿದ್ದಳು. ಅದರ ಮೂಲಕ ಆರುನೂರು ಹೊಸ ದಾನಿಗಳು ಸೇರಿದ್ದರು. ಎರಡೆರಡು ಕೆಲಸ ಯಾಕೆಂದು ಅವರನ್ನು ರಿಜಿಸ್ಟರಿಗೆ ಇಳಿಸಿರಲಿಲ್ಲ. ಒಂದು ಸೋಮವಾರ ತಾಣ ತೆರೆಯಲಿಲ್ಲ. ಕಂಪನಿ ಬಾಗಿಲು ಹಾಕಿತ್ತು. ಆರುನೂರು ಜನರೂ ಅದರೊಂದಿಗೆ ಹೋದರು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಾಗಾಗಿ ಹಾಳೆ ತೆಗೆದು 'ಬೇಡ' ಎಂದು ಬರೆದಳು. ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ ಫೋನ್ ಬಂತು. ಒಬ್ಬ ಗರ್ಭಿಣಿಗೆ ಐದು ಗಂಟೆಗೆ ಆಪರೇಷನ್, ಮುಂದೂಡುವಂತಿಲ್ಲ. ಓ ನೆಗೆಟಿವ್ ಎರಡು ಚೀಲ ಬೇಕು. ಫ್ರಿಜ್ಜಿನಲ್ಲಿದ್ದದ್ದು ಒಂದೇ. ಪರೀಕ್ಷೆಗೇ ಮೂರು ತಾಸು ಬೇಕಾದ್ದರಿಂದ ಇನ್ನೊಂದು ಚೀಲ ಮಧ್ಯಾಹ್ನ ಒಂದು ಗಂಟೆಯೊಳಗೆ ಸಿಗಲೇಬೇಕಿತ್ತು.

ರಿಜಿಸ್ಟರಿನಲ್ಲಿ ಆ ಗುಂಪಿನವರು ನಲವತ್ತೊಂದು ಜನ. ಅವಳು ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು. ಗುರುತಿಲ್ಲದ ನಂಬರನ್ನು ಈಗ ಯಾರು ಎತ್ತುತ್ತಾರೆ? ಎತ್ತಿದವರಲ್ಲಿ ಒಬ್ಬರು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದರು. ಇನ್ನೊಂದು ಕಡೆ ಮಗಳು ಎತ್ತಿ, "ಅಪ್ಪ ಹೋಗಿ ಎರಡು ವರ್ಷ ಆಯ್ತು" ಎಂದಳು. ಅಕ್ಕ ಕ್ಷಮೆ ಕೇಳಿ ಮುಂದಿನ ನಂಬರು ಒತ್ತಿದಳು. ಹೊರಗಿನ ಬೆಂಚಿನಲ್ಲಿ ಗರ್ಭಿಣಿಯ ಗಂಡ ಕುಳಿತಿದ್ದ. ಅವಳು ರಿಸೀವರ್ ಕೈಗೆತ್ತಿಕೊಂಡಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದ.

ರಕ್ತ ಪರೀಕ್ಷೆ ಮಾಡುವ ಸಹೋದ್ಯೋಗಿ ಒಳಗಿನಿಂದ ಬಂದು, "ಅಕ್ಕಾ, ಆ್ಯಪಲ್ಲಿ ಒಂದ್ಸಲ ಹಾಕಿ ನೋಡೋಣ" ಎಂದಳು.

"ಹಾಕಿದ್ದನ್ನ ಆಮೇಲೆ ತೆಗೆಯೋಕಾಗುತ್ತಾ?"

"ಅದು ಆಮೇಲಿನ ಮಾತು. ಈಗ ಗಂಟೆ ಎಷ್ಟು ನೋಡಿ."

ಹನ್ನೊಂದೂವರೆ. "ಹಾಕು" ಎಂದಳು.

ಹತ್ತು ನಿಮಿಷದಲ್ಲಿ ಮುನ್ನೂರು ಹೃದಯಗಳು, ಅದಕ್ಕಿಂತ ಹೆಚ್ಚು ಕೈಮುಗಿದ ಚಿತ್ರಗಳು ಬಂದವು. ರಕ್ತ ಮಾತ್ರ ಬರಲಿಲ್ಲ. ಆಮೇಲೆ ಸಂದೇಶದಲ್ಲಿ ಕೊಟ್ಟಿದ್ದ ರಕ್ತನಿಧಿಯ ಒಂದೇ ನಂಬರಿಗೆ ಫೋನ್ ಶುರುವಾಯಿತು. ಇದು ನಿಜಾನಾ? ಬಿ ಪಾಸಿಟಿವ್ ಆದ್ರೆ ನಡೆಯುತ್ತಾ? ನಾನು ಬೇರೆ ಊರಲ್ಲಿದೀನಿ, ಸುಮ್ನೆ ಕೇಳಿದೆ. ಇಟ್ಟರೆ ಮತ್ತೆ ಬಡಿದುಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಉಳಿದ ಹದಿನೈದು ಜನಕ್ಕೆ ಫೋನ್ ಮಾಡಲು ಲೈನೇ ಸಿಗಲಿಲ್ಲ. ಇದ್ದ ಒಂದು ದಾರಿಯನ್ನೂ ನನ್ನ ಕೈಯಾರೆ ಮುಚ್ಚಿದೆನಲ್ಲ ಎಂದುಕೊಂಡಳು. ಬೆಂಚಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ಹನ್ನೆರಡೂವರೆಗೆ ಬಸ್ ಡ್ರೈವರ್ ಸಮವಸ್ತ್ರ ತೊಟ್ಟ ಒಬ್ಬಾತ ಏದುಸಿರು ಬಿಡುತ್ತ ಬಂದ.

"ನನ್ನ ನಾದಿನಿ ಫೋನಲ್ಲಿ ತೋರಿಸಿದ್ಳು. ನಿಮಗೆ ಮಾಡಿದ್ರೆ ಬರೀ ಎಂಗೇಜು. ಅದಕ್ಕೆ ಬಂದೇಬಿಟ್ಟೆ. ನಂದು ಓ ನೆಗೆಟಿವ್ವೇ."

ಅವನ ಹೆಸರು ಕೇಳಿ ಅಕ್ಕ ರಿಜಿಸ್ಟರ್ ತಿರುವಿದಳು. ಅಲ್ಲೇ ಇದ್ದ. ಏಳು ಸಲ ರಕ್ತ ಕೊಟ್ಟಿದ್ದ. ಹೆಸರಿನ ಮುಂದೆ ಅವಳದೇ ಕೆಂಪು ಗೀಟು: 'ನಂಬರ್ ಚಾಲ್ತಿಯಲ್ಲಿಲ್ಲ.'

"ನಂಬರ್ ಬದಲಾಯಿಸಿ ಮೂರು ವರ್ಷ ಆಯ್ತಮ್ಮ. ನಿಮ್ಮಿಂದ ಫೋನೇ ಬರ್ಲಿಲ್ಲ. ನನ್ನ ರಕ್ತ ಬೇಡವೇನೋ ಅಂದ್ಕೊಂಡೆ."

"ಬೇಡ ಅಂತ ಯಾರಾದ್ರೂ ಅಂತಾರಾ?" ಎಂದವಳೇ ಅವನ ಹೊಸ ನಂಬರನ್ನು ಬರೆದುಕೊಂಡಳು. ಒಂದಕ್ಕೆ ಹತ್ತು ನಿಮಿಷ ಇರುವಾಗ ಚೀಲ ತುಂಬಿತು.

ನಾಲ್ಕಕ್ಕೆ ಸರಿಯಾಗಿ ವೈದ್ಯರು ಬಂದರು. ಪರೀಕ್ಷೆ ಮುಗಿದು ಚೀಲ ಆಗತಾನೆ ವಾರ್ಡಿಗೆ ಹೋಗಿತ್ತು. 'ಬೇಡ' ಎಂಬ ಹಾಳೆಯನ್ನು ಅವಳು ಹರಿದು ಹಾಕಿಯಾಗಿತ್ತು. ಹೊಸ ಹಾಳೆಯಲ್ಲಿ ಹೀಗಿತ್ತು: ಇದು ಎಷ್ಟು ದಿನ ಇರುತ್ತದೆಂದು ನನಗೆ ಗೊತ್ತಿಲ್ಲ. ಇರುವಷ್ಟು ದಿನ ಬಳಸೋಣ. ಅದರಲ್ಲಿ ಕೊಡಲು ಬೇರೆ ಫೋನ್ ಬೇಕು. ರಕ್ತ ಸಿಕ್ಕ ಕೂಡಲೇ ಸಂದೇಶ ತೆಗೆಯಬೇಕು. ಅಲ್ಲಿಂದ ಬಂದವರ ಹೆಸರು ಅದೇ ದಿನ ರಿಜಿಸ್ಟರಿಗೆ ಇಳಿಯಬೇಕು.

"ಹೌದಾ ಇಲ್ವಾ ಅಂತ ಕೇಳಿದ್ದೆ" ಎಂದರು ವೈದ್ಯರು.

"ಅಷ್ಟು ಗಟ್ಟಿಯಾಗಿ ಹೇಳೋಕೆ ನನಗಾಗಲ್ಲ ಸಾರ್. ಒಂದ್ಸಲ ಹೇಳಿ ಕೈ ಸುಟ್ಟುಕೊಂಡಿದೀನಿ."

ಅವರು ಇನ್ನೊಮ್ಮೆ ಓದಿ ಸಹಿ ಹಾಕಿದರು.

ಆರೂಕಾಲಿಗೆ ಗಂಡ ಓಡಿ ಬಂದ. ಹೆಣ್ಣು ಮಗು, ತಾಯಿ ಕ್ಷೇಮ. ಎರಡೂ ಚೀಲ ಬೇಕಾಯಿತಂತೆ. ಅಕ್ಕ ಕುರ್ಚಿಯಲ್ಲಿ ಕುಸಿದಳು. ಬೆಳಿಗ್ಗೆಯಿಂದ ನೀರು ಕುಡಿದಿಲ್ಲವೆಂದು ಆಗ ನೆನಪಾಯಿತು. ಸಂದೇಶ ತೆಗೆದು ಎಷ್ಟೋ ಹೊತ್ತಾಗಿದ್ದರೂ ಫೋನ್ ಮತ್ತೆ ಬಡಿದುಕೊಂಡಿತು: "ಓ ನೆಗೆಟಿವ್ ಇನ್ನೂ ಬೇಕಾ?"

ಒಂಬತ್ತು ದಿನ ಹಾಗೆ ಬಡಿದುಕೊಳ್ಳುತ್ತಲೇ ಇತ್ತು. ಆ ನಡುವೆ ಅವಳು ಕೆಂಪು ಗೀಟಿನ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ ಸಹೋದ್ಯೋಗಿಗೆ ಕೊಟ್ಟು, "ಇವರೆಲ್ಲ ನಿನ್ನ ಆ್ಯಪಲ್ಲಿ ಇದಾರಾ ನೋಡು" ಎಂದಳು. ಮೂವರು ಸಿಕ್ಕರು. ಅವರಲ್ಲಿ ಒಬ್ಬರು, ಇಷ್ಟು ವರ್ಷ ಎಲ್ಲಿ ಹೋಗಿದ್ರಿ ಎಂದು ಅಕ್ಕನನ್ನು ಚೆನ್ನಾಗಿ ಬೈದರು.