ಬಣ್ಣದ ಕೆಳಗೆ ಮೂರು ಚುಕ್ಕೆ

ಬಸ್ಸಿನ ಕೆಳಗೆ ಮಾವ ಅಂಗಾತ ಮಲಗಿದ್ದ. ಎದೆಯ ಮೇಲೆ ಆಳುದ್ದದ ಡ್ರೈವ್ ಶಾಫ್ಟ್, ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉಕ್ಕಿನ ಕೊಳವೆ. ಅದರ ಒಂದು ತುದಿಯನ್ನು ಹಗ್ಗ ಹಿಡಿದಿತ್ತು, ಇನ್ನೊಂದನ್ನು ಅವನ ಮೊಣಕೈ. ಹಗ್ಗ ಜಾರಿದರೆ ಪಕ್ಕೆಲುಬು ಉಳಿಯುವುದಿಲ್ಲ. ಅವನು ಗ್ಯಾರೇಜಿನ ಮೆಕ್ಯಾನಿಕ್, ನಾನು ಅಲ್ಲೇ ಮೇಜಿನ ಮುಂದೆ ಕೂತು ಕೆಲಸದ ಚೀಟಿ ಬರೆಯುವವಳು. ಬರೆಯುತ್ತಲೇ ಆ ಹಗ್ಗವನ್ನು ನೋಡುತ್ತಿರುತ್ತೇನೆ.

"ಯಜಮಾನ್ರೇ, ಇದು ಹೊಸದಲ್ಲ," ಕೆಳಗಿನಿಂದ ಮಾವನ ದನಿ.

"ಕಣ್ಣು ಕಾಣಲ್ವೇನೋ? ಬಣ್ಣ ಇನ್ನೂ ಕೈಗೆ ಅಂಟ್ತಾ ಇದೆ!"

"ಹೊಸದರ ಬಣ್ಣ ಅಂಟಲ್ಲ. ಕೆಳಗೆ ಮೂರು ಚುಕ್ಕೆ ಬೆರಳಿಗೆ ಸಿಗ್ತಿದೆ. ಬಿಚ್ಚೋ ಮುಂಚೆ ಗುರುತಿಗೆ ಅಂತ ನಾನೇ ಪಂಚ್ ಹೊಡೆದಿದ್ದು. ಬಿರುಕು ಬಿಟ್ಟಿದೆ ಅಂತ ಹೋದ ತಿಂಗಳು ಗುಜರಿಗೆ ಎಸೆದಿದ್ದೆ."

"ವೆಲ್ಡಿಂಗ್ ಮಾಡಿಸಿದೀನಿ. ಕೂರಿಸು. ಆಗಲ್ಲಾಂದ್ರೆ ನೀನೂ ಬೇಡ, ನಿನ್ನ ಬಿ.ಎ. ಮೇಡಮ್ಮೂ ಬೇಡ." ಯಜಮಾನ ನನ್ನತ್ತ ಬೆರಳು ತೋರಿಸಿದ.

ಮಾವ ಶಾಫ್ಟನ್ನು ಮೇಲೆತ್ತಿ ಹಿಡಿದ. ಸ್ಪ್ಯಾನರ್ ಕಿರುಗುಟ್ಟಿತು. ಒಂದು ಬೋಲ್ಟು, ಎರಡು, ನಾಲ್ಕು. ನಾನು ಚೀಟಿ ಎಳೆದುಕೊಂಡೆ. ಬಸ್ಸೂ ಯಜಮಾನನದೇ, ಗ್ಯಾರೇಜೂ ಅವನದೇ. ಸಂಜೆ ಅದರಲ್ಲಿ ಮಿಲ್ಲಿನ ಹೆಂಗಸರು ಮನೆಗೆ ಹೋಗುತ್ತಾರೆ. ನಿಂತವರೂ ಸೇರಿ ಎಂಬತ್ತು ಜನ. ಓಡುವಾಗ ಶಾಫ್ಟ್ ಮುರಿದು ನೆಲಕ್ಕೆ ಚುಚ್ಚಿಕೊಂಡರೆ ಬಸ್ಸನ್ನೇ ಎತ್ತಿ ಒಗೆಯುತ್ತದೆ.

ಯಜಮಾನ ಹೇಳಿದ್ದನ್ನು ಬರೆದೆ. ಮಾವ ಕೈ ಒರೆಸಿಕೊಂಡು ಬಂದ. ಅವನಿಗೆ ಓದು ಬಾರದು. ಇಷ್ಟು ವರ್ಷ ಕೇಳದೆಯೇ ಹೆಬ್ಬೆಟ್ಟು ಒತ್ತಿದ್ದ.

"ಇವತ್ತು ಓದಿ ಹೇಳವ್ವ," ಅಂದ.

"ಓದೋದೇನಿದೆ? ಒತ್ತು!" ನನ್ನ ಕುರ್ಚಿಯ ಹಿಂದೆಯೇ ಯಜಮಾನ. ಬಾಗಿಲಲ್ಲಿ ಬಸ್ಸಿನ ಡ್ರೈವರ್, ಕೈಯಲ್ಲಿ ಟೀ ಲೋಟ.

ಚೀಟಿ ಎತ್ತಿ ಓದಿದೆ. "'ಹೊಸ ಶಾಫ್ಟ್ ಕೂರಿಸಲಾಗಿದೆ.'" ಅಲ್ಲಿಗೇ ನಿಲ್ಲಿಸಬಹುದಿತ್ತು. "'ಮುಂದೆ ಏನೇ ಅನಾಹುತವಾದರೂ ಕೂರಿಸಿದವನೇ ಹೊಣೆ.'"

ಇಂಕ್ ಪ್ಯಾಡಿನ ಹತ್ತಿರ ಹೋಗಿದ್ದ ಬೆರಳನ್ನು ಮಾವ ಹಿಂದಕ್ಕೆಳೆದುಕೊಂಡ.

"ಹೊಸದಲ್ಲ ಡ್ರೈವರಪ್ಪ. ಬಿರುಕು ಬಿಟ್ಟದ್ದು. ನಾನೇ ಕೂರಿಸಿದೆ. ಹೆದರಿ ಕೂರಿಸಿದೆ."

ಯಜಮಾನ ನಕ್ಕ. "ಮುದುಕನಿಗೆ ಅರಳುಮರಳು. ಹೊರಡಯ್ಯಾ, ಹೆಂಗಸರು ಕಾಯ್ತಿದ್ದಾರೆ."

ಡ್ರೈವರ್ ಲೋಟ ಕೆಳಗಿಟ್ಟ. ಜೇಬಿನಿಂದ ಕೀ ತೆಗೆದು ಯಜಮಾನನ ಮುಂದೆ ಚಾಚಿದ.

"ಆಯ್ತು ಸಾರ್. ಮಿಲ್ಲಿನ ಇಳಿಜಾರಿನ ತನಕ ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂರ್ತೀನಿ."

ಗ್ಯಾರೇಜಿನಲ್ಲಿ ಒಂದೊಂದೇ ಸುತ್ತಿಗೆ ನಿಂತಿತು. ಕೆಲಸದವರೆಲ್ಲ ಎದ್ದು ಬಂದು ಮಾವನ ಪಕ್ಕ ನಿಂತರು. ನಾಳೆ ನಮಗೆ ಕೆಲಸವಿಲ್ಲವೆಂದು ಗೊತ್ತಿತ್ತು. ನಾನೂ ಕುರ್ಚಿ ಬಿಟ್ಟು ಅವರ ಜೊತೆ ನಿಂತೆ.

ಯಜಮಾನನ ಕೈ ಮಾತ್ರ ಕೀಯತ್ತ ಬರಲೇ ಇಲ್ಲ.