ಬೀರುವಿನಲ್ಲಿದ್ದ ಬೆಲ್

ನನ್ನ ಗಂಡನ ಕಂಪನಿಯಲ್ಲಿ ಎಲ್ಲವೂ ಮುಂದಿನ ವಾರ. ಅಂಗೈಯಗಲದ ಕಚೇರಿ, ಇಬ್ಬರು ಕೆಲಸಗಾರರು. ಮಾಡುವುದು ಒಂದೇ ಸಾಮಾನು: ಹಾಸಿಗೆ ಹಿಡಿದವರು ಮನೆಯವರನ್ನು ಕರೆಯಲು ಒತ್ತುವ ಬೆಲ್. ಗುಂಡಿ ರೋಗಿಯ ಕೈಯಲ್ಲಿ, ಸದ್ದು ಅಡುಗೆಮನೆಯಲ್ಲಿ.

ಅದು ಹುಟ್ಟಿದ್ದೇ ನಮ್ಮತ್ತೆಗಾಗಿ. ಲಕ್ವ ಹೊಡೆದು ಅವರ ಮಾತು ನಿಂತುಹೋಗಿತ್ತು. ಏನಾದರೂ ಬೇಕಿದ್ದರೆ ಚಮಚದಿಂದ ಲೋಟ ಬಡಿಯುತ್ತಿದ್ದರು. ಮಿಕ್ಸಿ ಹಾಕಿದರೆ ಆ ಸದ್ದು ನನಗೆಲ್ಲಿ ಕೇಳಬೇಕು? "ಮೊದಲನೇ ಬೆಲ್ ಅಮ್ಮಂಗೇ" ಎಂದು ಮಗರಾಯರು ಎದೆ ತಟ್ಟಿಕೊಂಡು ಹೇಳಿದ್ದರು.

ಆಮೇಲೆ ಶುರುವಾಯಿತು ನೋಡಿ. ಚಿಪ್ ಬಂದಾಗ ಡಬ್ಬಿಯ ಅಚ್ಚು ಸೊಟ್ಟಗಿತ್ತು. ಅಚ್ಚು ನೆಟ್ಟಗಾಗುವಷ್ಟರಲ್ಲಿ ಬೆಲ್ ಮಾಡಿಕೊಡಬೇಕಿದ್ದ ಫ್ಯಾಕ್ಟರಿಯವರು ನಮ್ಮನ್ನು ಪಕ್ಕಕ್ಕಿಟ್ಟು ಯಾವುದೋ ದೊಡ್ಡ ಕಂಪನಿಯ ಕೆಲಸ ಹಿಡಿದರು. ಕೇಳಿದರೆ "ಮುಂದಿನ ವಾರ ಸಾರ್". ಇವರೂ ಅದನ್ನೇ ಮನೆಗೆ ತಂದು ನನಗೆ ಬಡಿಸುತ್ತಿದ್ದರು.

ಸರಿಯಾಗಿ ಕೆಲಸ ಮಾಡುವ ಬೆಲ್ ಒಂದಿತ್ತು. ಕಚೇರಿಯ ಗಾಜಿನ ಬೀರುವಿನಲ್ಲಿ, ಸಹಿ ಹಾಕಿದ ಚೀಟಿ ಅಂಟಿಸಿಕೊಂಡು ಕೂತಿತ್ತು. ಫ್ಯಾಕ್ಟರಿಯಿಂದ ಬರುವ ಪ್ರತಿಯೊಂದೂ ಅದರ ಹಾಗೆಯೇ ಇರಬೇಕಂತೆ.

"ರೀ, ಅದನ್ನೇ ಮನೆಗೆ ತನ್ನಿ" ಎಂದೆ.

"ತಲೆ ಕೆಟ್ಟಿದೆಯಾ ನಿಂಗೆ? ಅದು ಒಪ್ಪಿಗೆ ಆಗಿರೋ ಸ್ಯಾಂಪಲ್. ಒಂದು ಗೀರು ಬಿದ್ರೂ ಫ್ಯಾಕ್ಟರಿಯವರು ತಪ್ಪೆಲ್ಲ ನಮ್ಮ ತಲೆಗೇ ಕಟ್ತಾರೆ."

"ನಿಮ್ಮಮ್ಮನಿಗಿಂತ ಹೆಚ್ಚಾ ಅದು?"

"ಇನ್ನೊಂದು ವಾರ ಕಣೇ, ಅಷ್ಟೇ. ಪ್ರಾಣ ತಿನ್ನಬೇಡ."

ಆ ವಾರವೇ ಒಂದು ಬೆಳಿಗ್ಗೆ ಅತ್ತೆಯ ಚಮಚ ಕೈಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿ ಅವರೂ ಬಿದ್ದರು. ಗೋಡೆಯ ಈಚೆ ನಾನು ಮಿಕ್ಸಿ ತಿರುಗಿಸುತ್ತಾ ನಿಂತಿದ್ದೆ. ಹೋಗಿ ನೋಡಿದರೆ ಸೊಂಟದ ಮೂಳೆ ಮುರಿದುಕೊಂಡು, ಒದ್ದೆ ಬಟ್ಟೆಯಲ್ಲಿ, ಬಾಗಿಲನ್ನೇ ನೋಡುತ್ತಾ ಬಿದ್ದಿದ್ದರು.

ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಫ್ಯಾಕ್ಟರಿಯಿಂದ ಬೆಲ್ಲುಗಳ ಪೆಟ್ಟಿಗೆಗಳೂ ಬಂದವು. ಬೀರುವಿನ ಸ್ಯಾಂಪಲ್ಲಿಗೂ ಅವಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇವರು ಹೆಮ್ಮೆಯಿಂದ ಮೊದಲನೆಯದನ್ನು ತಾಯಿಯ ಕೈಗಿಟ್ಟರು. ಅತ್ತೆ ಒಮ್ಮೆಯೂ ಒತ್ತಲಿಲ್ಲ. ಬಾಯಾರಿದರೂ ಇಲ್ಲ, ಬಟ್ಟೆ ಒದ್ದೆಯಾದರೂ ಇಲ್ಲ. ಕರೆಯುವುದನ್ನೇ ಬಿಟ್ಟುಬಿಟ್ಟಿದ್ದಾರೆ.

ದಿನಾ ಸಂಜೆ ಇವರೇ ಒತ್ತಿ ನೋಡುತ್ತಾರೆ. ಅಡುಗೆಮನೆಯಲ್ಲಿ ಬೆಲ್ ಹೊಡೆದುಕೊಳ್ಳುತ್ತದೆ. ಅತ್ತೆಯೇ ಕರೆದರು ಎಂದುಕೊಂಡು ಒಲೆ ಆರಿಸಿ ಓಡುತ್ತೇನೆ, ಪೆದ್ದಿ ನಾನು.

"ಸರಿಯಾಗೇ ಇದೆಯಲ್ಲ! ಒಂದ್ಸಲ ಒತ್ತಮ್ಮಾ" ಎಂದು ನಿನ್ನೆ ಇವರು ತಾಯಿಯ ಬೆರಳು ಹಿಡಿದು ಗುಂಡಿಯ ಮೇಲಿಡಲು ಹೋದರು. ಅತ್ತೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

"ಬಿಡ್ರೀ" ಎಂದೆ. "ತಗೊಂಡು ಹೋಗಿ ಬೀರುವಿನಲ್ಲೇ ಇಡಿ. ಇಲ್ಲಿದ್ರೆ ಗೀರು ಬಿದ್ದೀತು."