ಸರೋವರದ ವಯಸ್ಸು

ಬೋರ್ಡು ಬರೆಯುವುದರಲ್ಲಿ ನನ್ನದೊಂದು ಪದ್ಧತಿ ಇದೆ. ಅಕ್ಷರಗಳೆಲ್ಲ ಮುಗಿದ ಮೇಲೆ ಸೊನ್ನೆಗಳನ್ನು ಒಟ್ಟಿಗೆ ಹಾಕುತ್ತೇನೆ. ಸಣ್ಣ ಡಬ್ಬಿಯ ಮುಚ್ಚಳ ಇಟ್ಟು ಸುತ್ತ ಗೀಟೆಳೆದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಈ ಹಾಳು ಪದ್ಧತಿಯೇ ನನ್ನ ಮನೆ ಮುರಿಯಿತು.

ಊರಾಚೆಯ ಸರೋವರದ ದಂಡೆಗೆ ಹೊಸ ಬೋರ್ಡು ಬೇಕಿತ್ತು. ಒಕ್ಕಣೆ ಬರೆದುಕೊಟ್ಟವಳು ನನ್ನ ಮಗಳು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಕಲ್ಲುಗಳ ವಿಭಾಗ ನೋಡಿಕೊಳ್ಳುತ್ತಿದ್ದಳು. ಕೆಲಸ ಕಾಯಂ ಆಗಲು ಒಂದೇ ತಿಂಗಳು ಬಾಕಿ. 'ಜ್ವಾಲಾಮುಖಿ ಸಿಡಿದ ಕುಳಿಯಲ್ಲಿ ನೀರು ತುಂಬಿ ಈ ಸರೋವರ ಉಂಟಾಯಿತು. ವಯಸ್ಸು 43000 ವರ್ಷ.' ಕಡೆಯ ಸೊನ್ನೆಗೆ ಬರುವಷ್ಟರಲ್ಲಿ ಬಿಳಿ ಬಣ್ಣ ತೀರಿತು. ನಾಳೆ ಹಾಕಿದರಾಯಿತು ಎಂದು ಏಣಿ ಇಳಿದೆ.

ಬೆಳಿಗ್ಗೆ ಹೋದರೆ ಬೋರ್ಡಿನ ಮುಂದೆ ಅಣ್ಣನ ಚರ್ಚಿನ ಸಭೆಯವರೆಲ್ಲ ಮೊಣಕಾಲೂರಿದ್ದಾರೆ. ಅಣ್ಣ ಸಭಾಪಾಲಕ. ನೋಹನ ಕಾಲದ ಜಲಪ್ರಳಯದಲ್ಲಿ ನೆಲದೊಳಗಿನ ಸೆಲೆಗಳು ಒಡೆದಾಗ ಬೆಂಕಿಯೂ ಹೊರಬಿತ್ತು, ಈ ಸರೋವರ ಆಗ ಹುಟ್ಟಿದ್ದು, ಅದಾಗಿ ನಾಲ್ಕು ಸಾವಿರದ ಮುನ್ನೂರು ವರ್ಷ ಎಂದು ಮೂವತ್ತು ವರ್ಷದಿಂದ ಬೋಧಿಸುತ್ತಿದ್ದ. ಓದಿದವರು ನಕ್ಕು ಒಬ್ಬೊಬ್ಬರಾಗಿ ಸಭೆ ಬಿಟ್ಟಿದ್ದರು. ಈಗ ಸರ್ಕಾರಿ ಬೋರ್ಡೇ 4300 ಎನ್ನುತ್ತಿದೆ.

ಅವನನ್ನು ಪಕ್ಕಕ್ಕೆ ಕರೆದೆ. "ಅಣ್ಣ, ಇನ್ನೊಂದು ಸೊನ್ನೆ ಬಾಕಿ ಇದೆ. ಬಣ್ಣ ಮುಗಿದಿತ್ತು."

"ಸರಿಯಾಗಿ ಅಲ್ಲೇ ಯಾಕೆ ಮುಗೀಬೇಕಿತ್ತು? ದೇವರು ನಿನ್ನ ಕೈ ಹಿಡಿದು ನಿಲ್ಲಿಸಿದ."

"ಕೈ ಹಿಡಿದಿದ್ದು ಅಂಗಡಿಯವನು. ಅರ್ಧ ಡಬ್ಬಿ ಕೊಟ್ಟು ಕಳಿಸಿದ್ದ."

ಅವನು ನಗಲಿಲ್ಲ. "ಅಪ್ಪ ಅಮ್ಮ ಹೋದಮೇಲೆ ನಿನ್ನ ಸಾಕಿದವನು ನಾನು. ಇವತ್ತಿನವರೆಗೆ ಏನಾದ್ರೂ ಕೇಳಿದೀನಾ? ಈ ಒಂದು ಸೊನ್ನೆ ಬಿಟ್ಟುಬಿಡು."

ಕೇಳಿರಲಿಲ್ಲ, ನಿಜ. ತಾನು ಅರೆಹೊಟ್ಟೆಯಲ್ಲಿದ್ದು ನನಗೆ ಬಡಿಸಿದವನು. ಹೊಸ ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಮನೆಗೆ ಬಂದೆ. ಮಗಳು ಕೇಳಿದಾಗ ಬಣ್ಣ ಸಿಕ್ಕಿಲ್ಲ ಎಂದೆ.

ಮೂರನೆಯ ದಿನ ಬೋರ್ಡಿನ ಚಿತ್ರ ಪತ್ರಿಕೆಯಲ್ಲಿ ಬಂತು. ಸಂಗ್ರಹಾಲಯದ ಮೇಲಧಿಕಾರಿ ನನ್ನನ್ನೂ ಮಗಳನ್ನೂ ಕರೆಸಿದರು. ಅಣ್ಣ ಕರೆಯದೆಯೇ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ.

"ಒಕ್ಕಣೆಯಲ್ಲಿ ಎಷ್ಟು ಅಂತ ಇತ್ತು?" ಎಂದು ಅಧಿಕಾರಿ ನನ್ನನ್ನು ಕೇಳಿದರು.

ಅಣ್ಣ ನನ್ನನ್ನೇ ನೋಡುತ್ತಿದ್ದ. "ಬರೆದುಕೊಟ್ಟ ಹಾಗೇ ಬರೆದಿದೀನಿ ಸರ್," ಎಂದೆ.

ಕಾಗುಣಿತ ತಪ್ಪಿದಾಗಲೆಲ್ಲ ಗಿರಾಕಿಗಳಿಗೆ ಹೇಳುವ ಮಾತು ಅದು. ನಮ್ಮ ಕಸುಬಿನವರ ನಾಲಿಗೆಯ ತುದಿಯಲ್ಲೇ ಇರುತ್ತದೆ, ತಾನಾಗಿ ಬಂತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ತಾನಾಗಿ ಏನೂ ಬರಲಿಲ್ಲ. ಗೊತ್ತಿದ್ದೇ ಹೇಳಿದೆ. ನಾಚಿಕೆಗೇಡಿ ನಾನು.

ಮಗಳು ಒಮ್ಮೆ ನನ್ನತ್ತ ನೋಡಿ, "ತಪ್ಪು ನಂದೇ ಸರ್," ಎಂದಳು. ಮಧ್ಯಾಹ್ನದೊಳಗೆ ಅವಳ ಕೆಲಸ ಹೋಯಿತು. ಸಂಜೆಯೊಳಗೆ ಬೋರ್ಡು ಸರಿಯಾಗಬೇಕೆಂದು ನನಗೆ ಆಜ್ಞೆಯಾಯಿತು.

ಸೊನ್ನೆ ಹಾಕಿದೆ. ಐದು ನಿಮಿಷದ ಕೆಲಸ. ಅಣ್ಣ ನೋಡಲು ಬರಲಿಲ್ಲ. ದೇವರ ಗುರುತನ್ನು ಲೋಕದವರು ಅಳಿಸಿದರು ಎಂದು ಸಭೆಗೆ ಹೇಳಿದನಂತೆ. ಆ ಲೋಕದವರಲ್ಲಿ ಈಗ ನಾನೂ ಒಬ್ಬ. ಅವನು ನನ್ನ ಜೊತೆ ಮಾತು ಬಿಟ್ಟ.

ಮನೆಗೆ ಬಂದಾಗ ಮಗಳು ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಬೇರೆ ಊರಲ್ಲಿ ಗೆಳತಿಯ ಮನೆಗೆ ಹೊರಟಿದ್ದಳು.

"ಒಕ್ಕಣೆಯ ಪ್ರತಿ ನನ್ನ ಬ್ಯಾಗಲ್ಲೇ ಇತ್ತು ಅಪ್ಪ," ಎಂದಳು. "ನಲವತ್ತಮೂರು ಸಾವಿರ ಅಂತಲೇ ಇದೆ. ಮೇಲಧಿಕಾರಿಯ ಸಹಿ ಕೂಡ ಇದೆ."

"ಮತ್ತೆ ತೋರಿಸಬಾರದಿತ್ತಾ ಮಗಳೇ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ," ಎಂದು ಪೆಟ್ಟಿಗೆ ಮುಚ್ಚಿದಳು.